ಗಾಡಿ ಥಂಡ್ ಆಗೂತನಕ

ನಮ್ಮ ಓಣಿಯಲ್ಲಿ ಪಿಸುಮಾತು ಆಡಲು ಬಾರದ ಒಬ್ಬ ಮನುಷ್ಯ ಇದ್ದರು. ಕೈಮಗ್ಗದ ಸದ್ದಿನಲ್ಲಿ ಹುಟ್ಟಿ, ಪಾವರ್‌ಲೂಮಿನ ಸದ್ದಿನಲ್ಲಿ ಮುದುಕರಾದವರು. ಬನಹಟ್ಟಿಯಲ್ಲಿ ಇದೇನು ಹೊಸದಲ್ಲ, ಇಲ್ಲಿ ಅರ್ಧ ಊರು ಒದರಿಯೇ ಮಾತಾಡುತ್ತದೆ. ಆದರೆ ಇವರದು ಎಲ್ಲರಿಗಿಂತ ಒಂದು ಕೈ ಮೇಲೆ. ಊಟಕ್ಕೆ ಕೂತು ಹೆಂಡತಿಗೆ "ಉಪ್ಪು ಕಡಿಮಿ ಆಗೇತಿ" ಅಂದರೆ, ಎದುರು ಮನೆಯಲ್ಲಿ ನಾನು ನನ್ನ ಸಾರಿನ ರುಚಿ ನೋಡಿಕೊಳ್ಳುತ್ತಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಬೆಳಗಿನ ಚಹಾ ಕುಡಿದು ಮನೆ ಮುಂದಿನ ಕಟ್ಟೆಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರು, ಅಷ್ಟೇ. ಇಚಲಕರಂಜಿಗೆ ಕೊಟ್ಟ ಒಬ್ಬಳೇ ಮಗಳು ಬಂದು ಎಲ್ಲ ಕಾರ್ಯ ಮುಗಿಸಿದಳು. ಮನೆಗೆ ಕೀಲಿ ಹಾಕಿ ಹೊರಟಾಗ ಓಣಿಯಲ್ಲಿ ನಿಂತಿದ್ದ ಬಿಳಿ ಕಾರಿನ ಕಡೆ ನೋಡಿ, "ಅಕ್ಕೋರ, ಈ ಗಾಡಿ ಏನ್ ಮಾಡ್ಲಿರಿ?" ಎಂದಳು. ನಾನು ಕನ್ನಡ ಸಾಲಿಯಲ್ಲಿ ಕಲಿಸಿ ರಿಟೈರ್ ಆದವಳು, ಓಣಿಗೆಲ್ಲ ಅಕ್ಕೋರು. ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಕಸುಬಾಗಿತ್ತು. ಅವಳಿಗೆ ಮಾತ್ರ "ಯಾಕೋ ನನಗ ತಿಳೀವಲ್ದವಾ" ಎಂದು ಒಳಗೆ ಬಂದುಬಿಟ್ಟೆ.

ಆ ಗಾಡಿಯನ್ನು ಅವರು ಜಮಖಂಡಿಯ ಒಬ್ಬ ವಕೀಲರಿಂದ ತಂದಿದ್ದರು. ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಇವರು ಅದನ್ನು ದಿನಾ ಸೀರೆಯ ತುಂಡಿನಿಂದ ಒರೆಸುತ್ತಿದ್ದರು, ಅದರ ಜೊತೆ ಮಾತಾಡುತ್ತಿದ್ದರು. ಏನಾದರೂ ಸದ್ದು ಬಂತೆಂದರೆ ಬಾನೆಟ್ಟಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಕಿವಿಯೇ ಮಂದ, ಕೇಳುವುದೇನು ಮಣ್ಣು ಎಂದು ನಾನು ಚಾಷ್ಟಿ ಮಾಡಿದರೆ, "ಅಕ್ಕೋರ, ಮಷೀನಿನ ಮಾತು ಕಿವಿಗೆ ಕೇಳೂದಲ್ರಿ, ಎಲುಬಿಗೆ ಕೇಳ್ತೈತಿ" ಅನ್ನುತ್ತಿದ್ದರು. ಏನೇ ತಾಪತ್ರಯ ಬಂದರೂ ಅವರದು ಒಂದೇ ಮಾತು: "ಎಳಿ ಹರದ್ರ ಗಂಟ ಹಾಕಬೇಕು. ಅಳಕೋತ ಕುಂತ್ರ ಸೀರಿ ಆಗೂದಿಲ್ಲ." ಮಗಳ ಮದುವೆ ನಿಂತಾಗಲೂ ಇದೇ ಅಂದರು, ಸೀರೆಗಳಿಗೆ ಗಿರಾಕಿ ಇಲ್ಲದೆ ಮಗ್ಗದ ಶೆಡ್ಡು ಬಂದ್ ಆಗುವ ಹೊತ್ತಿಗೂ ಇದೇ ಅಂದರು. ಅವರ ಗಂಟುಗಳು ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಅವರಿಗೆ ನಾನು ಅಣ್ಣಾರು, ಅವರ ಹೆಂಡತಿಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ. ಗಲಗಲಿಯ ಹೆಣ್ಣುಮಗಳು. ಕೃಷ್ಣೆಯ ದಂಡೆಯಲ್ಲಿ ಬೆಳೆದು ಹುಡುಗರ ಸರಿಸಮ ಈಜು ಕಲಿತವಳು. ಇಲ್ಲಿಗೆ ಬಂದ ಮೇಲೆ ಬಚ್ಚಲ ನೀರೇ ಹೊಳೆಯಾಯಿತು ಎಂದು ನಗುತ್ತಿದ್ದಳು. ಗಂಡ ಒದರಿದಷ್ಟೂ ಇವಳ ಮಾತು ಮೆತ್ತಗೆ. ಮಗ್ಗಗಳು ನಡೆಯುವಾಗ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಲ್ಲ, ಹೀಗಾಗಿ ಅವರಿಬ್ಬರದೂ ಕೈಸನ್ನೆಯ ಸಂಸಾರ. ವೈನಿ ಬಾಗಿಲಲ್ಲಿ ನಿಂತು ಅಂಗೈ ಮೇಲೆ ಮಾಡಿದರೆ ಚಹಾ ಆಗಿದೆ. ಬೆರಳು ಬಾಯಿಗೆ ಒಯ್ದರೆ ಊಟಕ್ಕೆ ಬರ್ರಿ. ಸೊಂಟಕ್ಕೆ ಕೈ ಇಟ್ಟು ಸುಮ್ಮನೆ ನಿಂತರೆ ಇವತ್ತು ನಿಮ್ಮ ಗ್ರಹಚಾರ ಸರಿ ಇಲ್ಲ. ಅವರು ಅಲ್ಲಿಂದಲೇ ಕಿವಿ ಹಿಡಿದುಕೊಂಡು ತೋರಿಸುತ್ತಿದ್ದರು. ಇದನ್ನು ನೋಡಿ ಮಗ್ಗದ ಮಂದಿ ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ವೈನಿಯ ಎದೆಯಲ್ಲಿ ಗಂಟಾಯಿತು. ನಮ್ಮ ಕಡೆ ದೊಡ್ಡ ಬ್ಯಾನಿ ಅಂದರೆ ಮಿರಜದ ಆಸ್ಪತ್ರೆ. ಅಲ್ಲಿ ಆಪರೇಷನ್ ಆಗಿ, ಮೇಲೆ ಲೈಟ್ ಕೊಡಬೇಕು ಅಂದರು. ಲೈಟ್ ಅಂದರೆ ದೊಡ್ಡ ಮಷೀನಿನ ಕೆಳಗೆ ಮಲಗಿಸಿ ಕಿರಣ ಹಾಯಿಸುವುದು. ಅದು ಒಂದೆರಡು ದಿನದ್ದಲ್ಲ, ವಾರಗಟ್ಟಲೆ, ರವಿವಾರ ಶನಿವಾರ ಬಿಟ್ಟು ದಿನಾ ಹೋಗಬೇಕು. ಅಲ್ಲೇ ಉಳಿಯಲು ವೈನಿ ಒಲ್ಲೆ ಅಂದಳು. ಮಗಳದು ಹಸಿಬಾಣಂತನ. ಹೆಂಗಸರ ದಿಕ್ಕು ಒಬ್ಬರು ಬೇಕಲ್ಲ, ನಾನು ಹೊರಟೆ. ಬನಹಟ್ಟಿ ಬಿಟ್ಟು ತೇರದಾಳ, ಹಾರೂಗೇರಿ, ಕುಡಚಿ, ಕಾಗವಾಡ ದಾಟಿ ಮಿರಜ. ಯುಗಾದಿ ಆಗಿ ಬಿಸಿಲು ಏರುವ ಹೊತ್ತು. ಹೋಗುವಾಗ ಹೇಗೋ ಆಗುತ್ತಿತ್ತು, ಬರುವಾಗ ಮಟಮಟ ಮಧ್ಯಾಹ್ನ.

ಲೈಟಿನಿಂದ ವೈನಿಯ ಕಂಕುಳ, ಎದೆ ಸುಟ್ಟು ಕಪ್ಪಾಗುತ್ತ ಬಂದವು. ಅಲ್ಲಿ ಬೆವರು ಕೂಡದು, ಉಜ್ಜಬಾರದು, ನಡುವೆ ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದರು. ನಮ್ಮ ಗಾಡಿಯ ಎ.ಸಿ. ನೋಡಿದರೆ ಮುದುಕನ ಉಸಿರಿನಷ್ಟು ಗಾಳಿ ಬಿಡುತ್ತಿತ್ತು. ಕಿಟಕಿ ಏರಿಸಿದರೆ ಉಬ್ಬಸ, ಇಳಿಸಿದರೆ ಬೆಂಕಿಯಂಥ ಗಾಳಿ ಮತ್ತು ಕಬ್ಬಿನ ಟ್ರ್ಯಾಕ್ಟರುಗಳ ಧೂಳು. ವೈನಿ ಬ್ಲೌಸು ಬಿಟ್ಟು ಗಂಡನದೇ ಹಳೆ ಧೋತರದ ಸಡಿಲು ಜಂಪರು ಹೊಲಿಸಿಕೊಂಡಿದ್ದಳು. ತೋಳು ಮೈಗೆ ತಾಗದಂತೆ ಎತ್ತಿ, ಮುಂದಿನ ಸೀಟಿನ ಬೆನ್ನು ಹಿಡಿದು ಕೂತಿರುತ್ತಿದ್ದಳು. ಕನ್ನಡಿಯಲ್ಲಿ ಅವಳನ್ನು ನೋಡುತ್ತ ಇವರು, "ಆತು, ಆತು, ಇನ್ನೇನ ಥಂಡ್ ಬರ್ತೈತಿ, ಸ್ವಲ್ಪ ತಡಿ" ಎಂದು ಮಿರಜದಿಂದ ಬನಹಟ್ಟಿಯ ತನಕ ಹೇಳುತ್ತ ಬರುತ್ತಿದ್ದರು.

ಆಗ ಶುರುವಾಯಿತು ಅವರ ಎ.ಸಿ. ಯಾತ್ರೆ. ಮೊದಲು ಜಮಖಂಡಿ. ಅಲ್ಲಿನ ಮೆಕ್ಯಾನಿಕ್ಕು ಗ್ಯಾಸು ಕಡಿಮೆಯಾಗಿದೆ ಎಂದು ತುಂಬಿಸಿದ. ಮರುದಿನ ಬೆಳಿಗ್ಗೆ ತೇರದಾಳ ದಾಟುವ ತನಕ ಇವರು ರಾಜನಂತೆ ಗಾಡಿ ಹೊಡೆದರು. ಬೆಳಗಿನ ತಂಪಿಗೆ ಯಾವ ಗಾಡಿಯಾದರೂ ಥಂಡ್ ಇರುತ್ತದೆ ಎಂದು ನಾನು ಬಾಯಿ ಬಿಡಲಿಲ್ಲ. ಬರುವಾಗ ಮತ್ತೆ ಅದೇ ಉಬ್ಬಸ. ಆಮೇಲೆ ಗಲಗಲಿಯ ಬೀಗರು ಹೇಳಿದರೆಂದು ಬೀಳಗಿಗೆ ಹೋದರು. ಬಾಡಗಂಡಿ ಕಡೆಯ ಸಕ್ಕರೆ ಫ್ಯಾಕ್ಟರಿಯವರ ಗಾಡಿಗಳೆಲ್ಲ ಅಲ್ಲಿಗೇ ಬರುತ್ತವಂತೆ. ಆತ ಬೆಲ್ಟು ಬದಲಿಸಿದ, ಮುಂದಿನ ಜಾಳಿಗೆ ನೀರು ಹೊಡೆದು ತೊಳೆದ. ಒಂದೆರಡು ದಿನ ಪರವಾಗಿಲ್ಲ ಅನ್ನಿಸಿ ಅದೂ ಹೋಯಿತು. ಮನೆಯಲ್ಲಿ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಅದರೊಳಗಿನವರಿಗೇ ಬೈಯುತ್ತಿದ್ದರು: "ಹಿಂದಿಯೊಳಗ ಹೇಳ್ತಾನ, ಅದೂ ಓಡಸ್ಕೋತ ಹೇಳ್ತಾನ."

ತಮ್ಮ ಕೈಲಾದದ್ದನ್ನೂ ಮಾಡಿದರು. ಕಿಟಕಿಗಳಿಗೆ ಒದ್ದೆ ಟಾವೆಲ್ಲು ಕಟ್ಟಿದರು. ಮಿರಜದ ಓಡಾಟ ಶುರುವಾದ ದಿನದಿಂದಲೇ ಗಾಡಿಯನ್ನು ಬಿಸಿಲಿಗೆ ಬಿಡದೆ ಮಗ್ಗದ ಶೆಡ್ಡಿನೊಳಗೆ ನಿಲ್ಲಿಸುತ್ತಿದ್ದರು. ವೈನಿ ಬಂದು ಹತ್ತುವ ಮೊದಲೇ ಅಲ್ಲಿ ಚಾಲೂ ಮಾಡಿ, ಎ.ಸಿ. ಪೂರಾ ತಿರುವಿ, ಮಗ್ಗದವರು ಹೊಗೆಗೆ ಕೆಮ್ಮುತ್ತಿದ್ದರೂ ಬಿಡದೆ ತಂಪು ಮಾಡುತ್ತಿದ್ದರು. ಗಾಳಿ ಬರುವ ಕಿಂಡಿಗೆ ಒಂದು ಹಸಿರು ಎಳೆ ಕಟ್ಟಿದರು. "ಎಳಿ ಹಾರಾಕತ್ತಿದ್ರ ಗಾಳಿ ಐತಿ ಅಂತ ತಿಳಕೋ, ಅಷ್ಟರ ಮ್ಯಾಲ ಧೈರ್ಯ ತಗೋ" ಎಂದು ವೈನಿಗೆ ಹೇಳಿದರು. ಎಳೆ ಸುಮ್ಮನೆ ಜೋತು ಬಿದ್ದಿರುತ್ತಿತ್ತು.

ಒಂದು ಸೋಮವಾರ ವೈನಿ ಮಿರಜಕ್ಕೆ ಬರುವುದಿಲ್ಲ ಎಂದಳು.

"ಬಿಸಲು ತಡಿಯೂದಾಗೂದಿಲ್ರಿ. ಮೈ ಬೇಯಾಕತ್ತೈತಿ. ನಾ ಒಲ್ಲೆ."

ಅವರು ಬೇಡಿಕೊಂಡರು, ಸಿಟ್ಟು ಮಾಡಿದರು, ಓಣಿಗೆಲ್ಲ ಕೇಳುವಂತೆ ಸಮಾಧಾನ ಹೇಳಿದರು. ಬಾಡಿಗೆಗೆ ಹೊಸ ಗಾಡಿ ಮಾಡುತ್ತೇನೆಂದರು. ಗುರುತಿಲ್ಲದ ಡ್ರೈವರನ ಮುಂದೆ ಈ ಅವತಾರದಲ್ಲಿ ಕೂಡುವುದಿಲ್ಲ ಎಂದಳು ವೈನಿ. ಅವಳು ಹಟ ಹಿಡಿದದ್ದನ್ನು ನಾನು ಮೊದಲ ಸಲ ನೋಡಿದ್ದು. ಸೋಮವಾರ ಹೋಯಿತು, ಮಂಗಳವಾರ ಹೋಯಿತು, ಆ ವಾರವೇ ಹೋಯಿತು. ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು. ಅವರು ಶೆಡ್ಡಿನ ಬಾಗಿಲಲ್ಲಿ ನಿಂತು ಫೋನಿಗೆ, "ಗಾಡಿ ರಿಪೇರಿ ಆಗೂದೈತ್ರಿ, ಆಗಿದ ಕೂಡ್ಲೇ ಕರಕೊಂಡ ಬರ್ತೇನ್ರಿ" ಎಂದು ಒದರುತ್ತಿದ್ದರು.

ಶನಿವಾರ ಗಾಡಿ ತೆಗೆದುಕೊಂಡು ಮುಧೋಳಕ್ಕೆ ಹೊರಟರು. ನನ್ನ ತಂಗಿಯ ಮನೆ ಅಲ್ಲಿದೆ, ನಾನೂ ಹತ್ತಿದೆ. ಮುಧೋಳದ ಮೆಕ್ಯಾನಿಕ್ಕು ಬೋಳು ತಲೆಯ, ಎಲೆಅಡಿಕೆ ಬಾಯಿಯ ಮನುಷ್ಯ. ಮೊದಲು ಅವನೂ ಗ್ಯಾಸೇ ನೋಡಿದ, ಸರಿ ಇತ್ತು. ಒಳಗೆ ಕೂತಾಗ ಕಿಂಡಿಯ ಎಳೆ ಅವನ ಕಣ್ಣಿಗೆ ಬಿತ್ತು.

"ಇದ್ಯಾಕ ಕಟ್ಟೀರಿ ಕಾಕಾ?"

"ಗಾಳಿ ನೋಡಾಕ."

ಅವನು ಫ್ಯಾನು ಪೂರಾ ಜೋರು ಮಾಡಿದ. ಒಳಗೆ ಗುಂಯ್ ಅನ್ನುವ ಸದ್ದು ದೊಡ್ಡದಾಯಿತು, ಎಳೆ ಅಲ್ಲಾಡಲಿಲ್ಲ. ಕಿಂಡಿಯ ಬಾಯಿಗೆ ಬೆರಳಿಟ್ಟು ನೋಡಿ, "ಥಂಡ್ ಐತ್ರಿ. ಥಂಡ್ ಇಲ್ಲಂತಲ್ಲ, ಗಾಳೀನ ಇಲ್ಲ" ಎಂದ. ಡ್ಯಾಶ್‌ಬೋರ್ಡಿನ ಕೆಳಗೆ ಬಿಚ್ಚಿ, ಒಳಗೆ ಕೈ ಹಾಕಿ ಎಳೆದ. ಬೂದು ಬಣ್ಣದ ದಪ್ಪನೆಯದೊಂದು ಹೊರಗೆ ಬಂತು, ಹಳೆ ಕೌದಿಯ ತುಂಡಿನ ಹಾಗೆ. ತಂಪು ಮಾಡುವ ಜಾಳಿಯ ಮುಖಕ್ಕೆಲ್ಲ ಅದೇ ಮೆತ್ತಿಕೊಂಡಿತ್ತು. ಅವನು ಅದನ್ನು ಬೆರಳಲ್ಲಿ ಹಿಂಜಿ ನೋಡಿದ.

"ಗಾಡಿ ಎಲ್ಲೆ ನಿಂದರಸ್ತೀರಿ?"

"ನಮ್ಮ ಶೆಡ್ಡಿನ್ಯಾಗ. ನೆಳ್ಳಿಗೆ."

"ಅಲ್ಲೇ ಚಾಲೂ ಮಾಡಿ ಎ.ಸಿ. ಹಚ್ಚತೀರಿ?"

"ದಿನಾ ಹಚ್ಚತೇನಿ. ಅಕಿ ಬಂದು ಕುಂಡ್ರೂದರಾಗ ಥಂಡ್ ಆಗಿರ್ಲಿ ಅಂತ."

"ಹಂಗಂದ್ರ ಇದು ನಿಮ್ಮ ಮಗ್ಗದ್ದ ಅರಳಿ ಕಾಕಾ. ಅಲ್ಲಿ ಹಾರಾಡೂದನ್ನೆಲ್ಲಾ ಗಾಡಿ ಒಳಗ ಎಳಕೊಂಡೈತಿ. ಹೆಚ್ಚಿಗಿ ಹಚ್ಚಿದಂಗ ಹೆಚ್ಚಿಗಿ ಕಟ್ಟೈತಿ."

ಅವನದು ಬೈಗುಳವೂ ಅಲ್ಲ, ಬುದ್ಧಿಮಾತೂ ಅಲ್ಲ, ಕಂಡದ್ದನ್ನು ಹೇಳಿದ. ಆದರೆ ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ನೆರಳಿಗೆಂದು ನಿಲ್ಲಿಸಿದ ಜಾಗವೇ ಗಾಡಿಯ ಉಸಿರು ಕಟ್ಟಿತ್ತು. ಪ್ರೀತಿಯಿಂದ ಮಾಡಿದ್ದು ಹೀಗೆ ತಿರುಗಿ ಬಿದ್ದರೆ ಯಾರನ್ನು ಬೈಯಬೇಕು? ಅವರು ಆ ಅರಳೆಯ ಮುದ್ದೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ತಂದು ವೈನಿಯ ಮುಂದೆ ಇಟ್ಟರು.

"ನೋಡು. ನಾನ ತಿನಸೇನಿ ಇದಕ. ನಿನ್ನ ಮೈ ಬೇಯಿಸಿದಾಂವ ನಾನು."

ವೈನಿ ಆ ಮುದ್ದೆ ನೋಡಿದಳು, ಗಂಡನ ಮುಖ ನೋಡಿದಳು. "ಸಾಕ ಬಿಡ್ರಿ, ಇದರಾಗ ಒಂದ ತೆಲಿದಿಂಬ ಆಗತಿತ್ತು" ಎಂದು ನಕ್ಕಳು. ಆಮೇಲೆ, "ಸೋಮವಾರ ಹೋಗೂಣಂತ" ಎಂದಳು. ಅವರು ಅಲ್ಲೇ ಕೂತು ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಅಂದಿನಿಂದ ಗಾಡಿ ಥಂಡ್ ಆಗಿತ್ತು. ಹಳೆ ಗಾಡಿ ನೋಡಿ, ಬಿಸಿಲಿಗೆ ನಿಂತರೆ ಮತ್ತೆ ತಂಪಾಗಲು ಹೊತ್ತು ಬೇಕು. ಅದಕ್ಕೆ ಮಿರಜದಲ್ಲಿ ಅವರು ಗಾಡಿ ಬಿಟ್ಟು ಕೆಳಗೆ ಇಳಿಯುತ್ತಲೇ ಇರಲಿಲ್ಲ. ನಮ್ಮಿಬ್ಬರನ್ನು ಬಾಗಿಲಲ್ಲಿ ಇಳಿಸಿ, ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಎ.ಸಿ. ಹಚ್ಚಿಕೊಂಡು ಕೂತಿರುತ್ತಿದ್ದರು. ವೈನಿ ಹೊರಗೆ ಬರುವಷ್ಟರಲ್ಲಿ ಒಳಗೆ ಹೊಳೆದಂಡೆಯ ತಂಪು. ಬಾಗಿಲು ತೆಗೆದು ಕೂರಿಸುವಾಗ ಅವರ ಮುಖದಲ್ಲಿ ಎಂಥ ಹಿಗ್ಗು. "ಹೆಂಗೈತಿ? ಗಲಗಲಿಗೆ ಬಂದಂಗ ಆತಿಲ್ಲ?" ವೈನಿ ಹೌದೆಂದು ತಲೆಯಾಡಿಸಿ ಕಣ್ಣು ಮುಚ್ಚುತ್ತಿದ್ದಳು.

ಆ ದಿನಗಳಲ್ಲಿ ಒಮ್ಮೆ ಬರುವಾಗ ಕುಡಚಿಯ ಹತ್ತಿರ ಅವರು ಹಣ್ಣು ತರಲು ಇಳಿದರು. ವೈನಿ ನನ್ನ ಕೈ ಹಿಡಿದಳು.

"ಒಂದ ಮಾತ ಹೇಳ್ತೇನ್ರಿ ಅಕ್ಕೋರ. ಆ ವಾರ ನಾ ಬಿಸಲಿಗೆ ಬಿಟ್ಟಿದ್ದಿಲ್ರಿ."

"ಮತ್ತ?"

"ಅಂಜಿಕಿರಿ. ಮಷೀನಿನ ಕೆಳಗ ಮಲಗಿಸಿ ಎಲ್ಲಾರೂ ಹೊರಗ ಹೋಗ್ತಾರಲ್ಲ, ಅಷ್ಟ ದಪ್ಪ ಬಾಗಲಾ ಮುಚ್ಚತಾರಲ್ಲ. ನೀರಾಗ ಮುಳಗಿದ್ರೂ ನನಗ ಅಂಜಿಕಿ ಬಂದಿದ್ದಿಲ್ಲ. ಅಲ್ಲಿ ಮಲಗಿದ್ರ ಮಣ್ಣಾಗ ಇಟ್ಟಂಗ ಆಗ್ತೈತಿ."

"ಅಣ್ಣಾರಿಗೆ ಹೇಳಬೇಕಿಲ್ಲ ವೈನಿ?"

"ಹೆಂಗ ಹೇಳ್ಲಿ? ಇದಕ್ಕೊಂದು ಕೈಸನ್ನಿ ಇಲ್ಲ. ಬಿಸಲು ಅಂತ ಹೇಳಿ ತಪ್ಪಿಸಿಕೊಂಡ್ನಿ. ಅವರು ಊರೂರು ತಿರಗಿ ಗಾಡಿ ರಿಪೇರಿ ಮಾಡಿಸಿಕೊಂಡ ಬಂದ್ರು. ಆ ಅರಳಿ ಮುಂದಿಟ್ಟು ಅಳಾಕ ಹತ್ತಿದ್ರ ಇನ್ನೇನಂತ ಒಲ್ಲೆ ಅನ್ನಲಿ? ನೀವೂ ಹೇಳಬ್ಯಾಡ್ರಿ. ಮನಸಿಗೆ ಹಚ್ಚಿಕೊಂತಾರ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಪೇರಲ ಹಣ್ಣು ಹಿಡಿದುಕೊಂಡು ಬಂದರು. ವೈನಿ ಒಂದು ತೆಗೆದುಕೊಂಡು ಸೆರಗಿಗೆ ಒರೆಸಿ ತಿಂದಳು. ಉಳಿದ ದಿನಗಳನ್ನೆಲ್ಲ ಒಂದೂ ತಪ್ಪಿಸದೆ ಮುಗಿಸಿದಳು. ಆ ಖೋಲಿಯೊಳಗೆ ಹೋಗುವಾಗ ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ. ಯಾಕೆ ನೋಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು, ನಾನು ಹೊರಗಿನ ಬೆಂಚಿನ ಮೇಲೆ ಕೂತು ದೇವರನ್ನು ನೆನೆಯುತ್ತಿದ್ದೆ.

ಮಳೆಗಾಲ ಚಲೋ ಹೋಯಿತು. ವೈನಿ ಮೈ ತುಂಬಿಕೊಂಡಳು, ಮೊಮ್ಮಗನನ್ನು ಎತ್ತಿಕೊಂಡು ಓಣಿಯಲ್ಲಿ ತಿರುಗಿದಳು. ಚಳಿಗಾಲದಲ್ಲಿ ಬೆನ್ನೆಲುಬು ನೋಯತೊಡಗಿತು. ಬ್ಯಾನಿ ಅಲ್ಲಿಗೆ ಹೋಗಿತ್ತು. ಇನ್ನೊಂದು ಯುಗಾದಿಯನ್ನು ಅವಳು ಕಾಣಲಿಲ್ಲ.

ಅವರು ಆಮೇಲೆ ಬದುಕಿದ್ದು ಬದುಕಲ್ಲ. ಮಗ್ಗ ನಿಲ್ಲಿಸಿದರು. ಕೆಲಸದವರು ಬೇರೆ ಶೆಡ್ಡುಗಳಿಗೆ ಹೋದರು. ಗಾಡಿಯನ್ನು ಹೊರಗೆ ತಂದು ಬಿಸಿಲಲ್ಲಿ ನಿಲ್ಲಿಸಿದರು, ಅದರ ಬಣ್ಣ ಹೋಗುತ್ತಿದ್ದರೂ ನೆರಳಿಗೆ ಸರಿಸಲಿಲ್ಲ. ಮಾತಾಡಿಸಲು ಬಂದವರ ಮುಂದೆಲ್ಲ ಒಂದೇ ಮಾತು: "ಆ ಒಂದ ವಾರ ತಪ್ಪಲಿಲ್ಲಂದ್ರ ಅಕಿ ಉಳೀತಿದ್ಲು. ನನ್ನ ಮಗ್ಗನ ಅಕಿನ್ನ ತಿಂದ್ವು." ಡಾಕ್ಟರು ಹಾಗೇನೂ ಅಲ್ಲ, ಬ್ಯಾನಿಯೇ ಹಾಗಿತ್ತು ಎಂದು ಸ್ಪಷ್ಟ ಹೇಳಿದ್ದರು. ಮಗಳು ಕಾಲು ಹಿಡಿದು ಹೇಳಿದಳು. ಗಂಟು ಹಾಕಿ ಮುಂದೆ ಹೋಗುವ ಮನುಷ್ಯ ಈ ಒಂದು ಎಳೆಯನ್ನು ಹಿಡಿದುಕೊಂಡು ಕೂತುಬಿಟ್ಟಿದ್ದರು.

ನನಗೆ ನೋಡಲಾಗಲಿಲ್ಲ. ಸತ್ತವಳಿಗೆ ಕೊಟ್ಟ ಮಾತು ದೊಡ್ಡದೋ, ಕಣ್ಣೆದುರು ಸಾಯುತ್ತಿರುವ ಮನುಷ್ಯ ದೊಡ್ಡವನೋ? ಒಂದು ಬೆಳಿಗ್ಗೆ ಚಹಾ ಮಾಡಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತೆ.

"ಅಣ್ಣಾರ, ವೈನಿ ಆ ವಾರ ಬಿಟ್ಟಿದ್ದು ನಿಮ್ಮ ಗಾಡಿ ಸಂಬಂಧ ಅಲ್ರಿ. ಅವರಿಗೆ ಆ ಖೋಲಿ ಅಂಜಿಕಿ ಇತ್ತು. ನನ್ನ ಮುಂದ ಹೇಳಿದ್ರು. ನಿಮ್ಮ ತಪ್ಪ ಏನೂ ಇಲ್ಲ."

ಅವರು ಚಹಾದ ಕಪ್ಪು ಕೆಳಗಿಟ್ಟರು.

"ಯಾವ ಖೋಲಿರಿ?"

ಗಾಡಿ ರಿಪೇರಿ ಆಗುವ ಮೊದಲೂ ಅವರು ಹೊರಗೆ ಬಾನೆಟ್ಟು ತೆರೆದುಕೊಂಡೇ ನಿಂತಿರುತ್ತಿದ್ದರು; ಆ ಖೋಲಿಯನ್ನು ನೋಡಿಯೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಹೇಳಿದೆ. ಉದ್ದನೆಯ ಓಣಿಯಂಥ ದಾರಿ, ದಪ್ಪ ಬಾಗಿಲು, ಅದರ ಮೇಲೆ ಕೆಂಪು ದೀಪ. ಒಬ್ಬಳನ್ನೇ ಒಳಗೆ ಮಲಗಿಸುವುದು, ಎಲ್ಲರೂ ಹೊರಗೆ ಬರುವುದು. ಹೊರಗೆ ಒಂದು ಬೆಂಚು.

"ಬೆಂಚಿನ ಮ್ಯಾಲ ಯಾರ ಕುಂಡ್ರತಿದ್ರಿ?"

"ನಾನು. ಉಳದ ಪೇಶಂಟಿನ ಮಂದಿ. ಗಂಡಂದ್ರು, ಮಕ್ಕಳು."

"ಅಲ್ಲಿಂದ ಒದರಿದ್ರ ಒಳಗ ಕೇಳತಿತ್ತೇನ್ರಿ?"

"ಒಳಗೊಂದು ಸ್ಪೀಕರ್ ಇತ್ರಿ. ಒಬ್ಬಾಕಿ ಹುಡುಗಿ ಒಳಗ ಹೋದಾಗ ಅವರಪ್ಪ ಹೊರಗಿನ ಮೈಕಿನ್ಯಾಗ ಮಾತಾಡತಿದ್ದ. ಕೇಳಿದ್ರ ಬಿಡತಿದ್ರು."

ಇದನ್ನು ಹೇಳಬಾರದಿತ್ತೇನೋ. ಅವರು ಕಟ್ಟೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಹೊರಗ ಬಂದು ಏನಂತಿದ್ಲು ಅಕಿ?"

"ಗಾಡಿ ಥಂಡ್ ಆಗಿರ್ತೈತಿ, ಅವರು ಕಾಯಾಕತ್ತಿರ್ತಾರ, ಲಗೂ ನಡೀರಿ ಅಂತಿದ್ರು."

ಅವರು ತಲೆಯಾಡಿಸಿದರು. ಬಿಸಿಲಲ್ಲಿ ನಿಂತ ಗಾಡಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ನಾ ಒಳಗ ಬಂದು ಮೈಕಿನ್ಯಾಗ ಮಾತಾಡಿದ್ರ ಆಗತಿತ್ತಲ್ರಿ ಅಕ್ಕೋರ," ಎಂದರು. "ಗಾಡಿ ಥಂಡ್ ಇರಲಿಲ್ಲಂದ್ರೂ ನಡೀತಿತ್ತು."

ಚಹಾ ಆರುವ ತನಕ ಅವರ ಪಕ್ಕದಲ್ಲಿ ಕೂತಿದ್ದೆ.